ನಿಮ್ಮ ಜೀಪಿಗಾಗಿ ಮುಚ್ಚಿದ ಕಂದಕ

ಪರಂಪರೆಯ ತಾಣಗಳ ಪಟ್ಟಿ ಬರೆಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಜೀಪು ಅಂಗಳದವರೆಗೆ ಬರಲಿ, ನಿಮ್ಮ ಬೂಟಿಗೆ ಕೆಸರು ಹತ್ತದಿರಲಿ ಎಂದು ನಾವು ಕಂದಕದ ಪಶ್ಚಿಮ ಭಾಗವನ್ನು ಮೂವತ್ತು ಅಡಿ ಉದ್ದಕ್ಕೆ ಮಣ್ಣು ಹಾಕಿ ಮುಚ್ಚಿದೆವು. ನೀವು ಆ ಮಣ್ಣಿನ ಮೇಲೆಯೇ ಜೀಪು ಓಡಿಸಿಕೊಂಡು ಬಂದಿರಿ, ನಮ್ಮ ರೊಟ್ಟಿ ಉಂಡಿರಿ, ಅದೇ ಮಣ್ಣಿನ ಮೇಲೆ ವಾಪಸು ಹೋದಿರಿ. ಹೋಗಿ, "ಈ ವಾಡೆಯ ಸುತ್ತಲಿನ ಕಂದಕವು ನಿರಂತರವಾಗಿಲ್ಲ, ಪಶ್ಚಿಮ ಭಾಗವು ಮೊದಲಿನಿಂದಲೂ ಮುಚ್ಚಿಕೊಂಡಿದೆ, ಆದ್ದರಿಂದ ಕಂದಕವು ಸಂರಕ್ಷಣೆಗೆ ಅರ್ಹವಲ್ಲ" ಎಂದು ವರದಿ ಬರೆದಿರಿ. ಮಾನ್ಯರೇ, ನಿಮ್ಮ ಆ "ಮೊದಲಿನಿಂದಲೂ" ಎಂಬುದಕ್ಕೆ ಅಂದು ಎರಡು ದಿನ ವಯಸ್ಸಾಗಿತ್ತು. ಮಣ್ಣು ಹಾಕಿದ್ದು ಮಂಗಳವಾರ, ನೀವು ಬಂದದ್ದು ಗುರುವಾರ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ರಾಧಾಬಾಯಿ. ಮಕ್ತಲ್ ಕಡೆಯ ಎರೆದೊಡ್ಡಿಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಅಜ್ಜ ಊರ ಜಮೀನಿನ ಲೆಕ್ಕ ಬರೆಯುವ ಪಟ್ವಾರಿ, ಅಪ್ಪನೂ ಪಟ್ವಾರಿ. ನಮ್ಮ ಮನೆಯಲ್ಲಿ ರಾಯರ ಫೋಟೋದ ಪಕ್ಕದಲ್ಲೇ ನಿಜಾಮರ ಕಾಲದ ಕಾಗದಗಳ ಗಂಟು ಇರುತ್ತಿತ್ತು. ಕಾಗದದ ಮೇಲೆ ಇಲ್ಲದ್ದು ಹೇಗೆ ಹುಟ್ಟುತ್ತದೆ, ಇದ್ದದ್ದು ಹೇಗೆ ಸಾಯುತ್ತದೆ ಎಂಬುದನ್ನು ಚಿಕ್ಕಂದಿನಿಂದ ಕಂಡವಳಾದ್ದರಿಂದ ನಿಮ್ಮ ವರದಿ ಓದಿ ನನಗೆ ಆಶ್ಚರ್ಯವಾಗಲಿಲ್ಲ, ಮೈಯೆಲ್ಲ ಉರಿಯಿತು ಅಷ್ಟೇ. ತೆಲಂಗಾಣ ಸರಕಾರದ ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಇಲ್ಲವೆಂದು ಗೊತ್ತು. ಅದಕ್ಕೇ ನಾರಾಯಣಪೇಟೆಯಲ್ಲಿ ವಕೀಲಿಕೆ ಮಾಡುವ ನನ್ನ ಹಳೆಯ ವಿದ್ಯಾರ್ಥಿ ಬಾಲರಾಜ್ ಇದರ ತೆಲುಗು ಪ್ರತಿ ಮಾಡಿ ಕಳಿಸುತ್ತಿದ್ದಾನೆ. ಬಲು ಸಭ್ಯ ಮನುಷ್ಯ, ನನ್ನ ಕೆಲವು ಮಾತುಗಳನ್ನು ಮೆತ್ತಗೆ ಮಾಡಿರುತ್ತಾನೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಕನ್ನಡದ್ದನ್ನೇ ನನ್ನ ಮಾತೆಂದು ತಿಳಿಯಬೇಕು.

ದಿನಕ್ಕೆ ನಾಲ್ಕು ಊರು ನೋಡುವ ನಿಮಗೆ ನಮ್ಮ ವಾಡೆ ಮರೆತಿರಬಹುದು. ಒಂದೂವರೆ ಎಕರೆಯ ದಿಬ್ಬ. ಅದರ ಮೇಲೆ ಆಳೆತ್ತರಕ್ಕೂ ಮೀರಿದ ಮಣ್ಣಿನ ಗೋಡೆಯ ಮನೆ, ನಾಲ್ಕು ಬುರುಜುಗಳಲ್ಲಿ ಉಳಿದಿರುವ ಒಂದು, ಇಷ್ಟನ್ನೂ ಬಳಸಿಕೊಂಡು ಹೋಗುವ ಹದಿನೆಂಟು ಅಡಿ ಅಗಲದ ಕಂದಕ. ಪೂರ್ವಕ್ಕೆ ನೀರಿನ ಮೇಲೆ ಬಂಡೆ ಹಾಸಿದ ಕಿರುದಾರಿಯಿದೆ. ಅದರ ಮೇಲೆ ಒಂದು ಸಲಕ್ಕೆ ಒಬ್ಬ ಮನುಷ್ಯ ದಾಟಬಹುದು, ಇಲ್ಲವೇ ಒಂದರ ಹಿಂದೊಂದು ಕುರಿ. ಕಟ್ಟಿಸಿದ ಗೌಡನಿಗೆ ಅದೇ ಬೇಕಾಗಿತ್ತು. ಕುದುರೆ ಏರಿ ಲೂಟಿಗೆ ಬರುವವರಿಗೆ ಬಾಗಿಲು ಅಗಲ ಮಾಡಿಕೊಟ್ಟು ಕೂರುವಷ್ಟು ದಡ್ಡ ಅವನಲ್ಲ. ಎಷ್ಟು ಹಳೆಯದೆಂದು ನಾನು ಹೇಳಲಾರೆ. "ಮಧ್ಯಕಾಲೀನ" ಎಂದು ನೀವೇ ಬರೆದಿದ್ದೀರಿ, ವರದಿಯಲ್ಲಿ ನಾನು ಕೆಂಪು ಗೆರೆ ಎಳೆಯದೆ ಬಿಟ್ಟ ಕೆಲವೇ ಪದಗಳಲ್ಲಿ ಅದೊಂದು. ಗದ್ವಾಲದ ಕೋಟೆಗೆ ರಾಜರ ಹೆಸರಿದೆ, ಪುಸ್ತಕದಲ್ಲಿ ಜಾಗವಿದೆ. ನಮ್ಮದರ ಹಿಂದೆ ಯಾವ ರಾಜನೂ ಇಲ್ಲ. ಯಾರೋ ಒಬ್ಬ ತನ್ನ ಹೆಂಡತಿ ಮಕ್ಕಳು, ದನಕರು, ನೆಲದಡಿಯ ಹಗೇವಿನ ಜೋಳ ಉಳಿಸಿಕೊಳ್ಳಲು ಮನೆಯ ಸುತ್ತ ನೀರು ನಿಲ್ಲಿಸಿದ. ಸಾಮಾನ್ಯರು ಹೇಗೆ ಹೆದರಿದರು, ಹೆದರಿಯೂ ಹೇಗೆ ಬದುಕಿದರು ಎಂಬುದು ಪರಂಪರೆಯಲ್ಲವೇ? ಅಥವಾ ಪಟ್ಟಿಗೆ ಸೇರಲು ಕಿರೀಟ ಕಡ್ಡಾಯವೇ?

ಗೌಡನ ವಂಶದವರು ಊರು ಬಿಟ್ಟು ಎಷ್ಟೋ ತಲೆಮಾರಾಯಿತು. ಅಂದಿನಿಂದ ವಾಡೆಯಲ್ಲಿರುವುದು ಹನುಮಮ್ಮನ ಮನೆತನ, ಕುರುಬರು. ಹನುಮಮ್ಮನಿಗೆ ಈಗ ಎಪ್ಪತ್ತೆರಡು. ಅಂಗಳದಲ್ಲಿ ಬೀರಪ್ಪನ ಗುಡಿ. ಪೂಜಾರಿ ಆಕೆಯ ತಮ್ಮ ನರಸಯ್ಯ. ಯುಗಾದಿ ಕಳೆದ ಮೊದಲ ಸೋಮವಾರ, ಕಂದಕದ ನೀರು ಮೊಣಕಾಲಿಗೆ ಇಳಿದಿರುವ ಹೊತ್ತಿನಲ್ಲಿ, ಊರಿನ ಪ್ರತಿ ಮನೆಯವರೂ ಇಳಿದು ಐದೈದು ಬುಟ್ಟಿ ಹೂಳು ಎತ್ತಬೇಕು. ಮೊದಲ ಬುಟ್ಟಿ ಹನುಮಮ್ಮನ ಮನೆಯದು. ಆ ಹೂಳಿನಲ್ಲಿ ಒಂದು ಪಾಲು ಗೋಡೆಗೆ ಮೆತ್ತಲು, ಉಳಿದದ್ದು ಹೊಲಕ್ಕೆ. ಇದಕ್ಕೆ ನಾವು ಬುಟ್ಟಿ ಸೋಮವಾರ ಅನ್ನುತ್ತೇವೆ. ಇನ್ನೊಂದು ಪದ್ಧತಿಯೂ ಇದೆ, ಅದನ್ನು ನೀವು ಕೇಳಲಿಲ್ಲ, ನಾವು ಹೇಳಲಿಲ್ಲ. ನಮ್ಮಲ್ಲಿ ತಪ್ಪಿಗೆ ದಂಡ ಹಾಕುವುದು ಬುಟ್ಟಿಯ ಲೆಕ್ಕದಲ್ಲಿ. ದನ ಬಿಟ್ಟು ಇನ್ನೊಬ್ಬರ ಪೈರು ಮೇಯಿಸಿದರೆ ಐದು ಬುಟ್ಟಿ ಹೂಳು. ಕುಡಿದು ಹೆಂಡತಿಯ ಮೇಲೆ ಕೈ ಎತ್ತಿದರೆ ಇಪ್ಪತ್ತೊಂದು. ಅದು ತೀರುವವರೆಗೆ ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನ ಪುಡಿ, ಹಣೆಗೆ ಹಚ್ಚುವಂತಿಲ್ಲ. ಹಾಗೆ ನೋಡಿದರೆ ಕಂದಕ ಇಷ್ಟು ಆಳವಾಗಿ ಉಳಿದುಬಂದದ್ದರಲ್ಲಿ ನಮ್ಮ ಒಳ್ಳೆಯತನದ ಪಾಲು ಕಡಿಮೆ, ತಪ್ಪುಗಳ ಪಾಲೇ ಹೆಚ್ಚು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೋದ ವರ್ಷ ಸಂಕ್ರಾಂತಿ ಮುಗಿದ ವಾರ, ಪಟ್ಟಿಗೆ ಸೇರಿಸುವ ಮೊದಲು ಸ್ಥಳ ನೋಡಲು ದೊಡ್ಡ ಸಾಹೇಬರು ಬರುತ್ತಾರೆಂದು ನಿಮ್ಮ ಕಚೇರಿಯಿಂದ ಫೋನು ಬಂತು. ಎಲ್ಲರೂ ಹನುಮಮ್ಮನ ಅಂಗಳದಲ್ಲಿ ಸೇರಿದೆವು. ಮೊದಲು ಬಾಯಿಬಿಟ್ಟವನು ಟ್ರ್ಯಾಕ್ಟರಿನ ಪರಮೇಶ.

"ಸಾಹೇಬ್ರು ಆ ಬಂಡೆಗಲ್ಲಿನ ಮ್ಯಾಲೆ ನಡಕೊಂಡು ಬರಾಕ ಆಗ್ತೈತೇನ್ರಿ? ಪಾಚಿ ಹಿಡದೈತಿ. ಜಾರಿದ್ರ ಸೀದಾ ನೀರಾಗ," ಅಂದ.

"ಬೀಗ್ರು ಬಂದ್ರ ಕೈ ಹಿಡದು ದಾಟಸ್ತೀವಲ್ಲ, ಇವ್ರನ್ನೂ ಹಾಂಗ ದಾಟಸೂಣು," ಅಂದಳು ಹನುಮಮ್ಮ. "ಈ ಕಂದಕದಾಗಿಂದ ಮಣ್ಣು ತಗದದ್ದು ಕಂಡೀನಿ. ಹಾಕಿದ್ದು ನಾ ಹುಟ್ಟಿದಾಗಿನಿಂದ ಕಂಡಿಲ್ಲರೀ ಅಕ್ಕೋರ."

ಅಕ್ಕೋರು ಅಂದರೆ ನಾನು, ಊರಿನ ಟೀಚರು, ಎಲ್ಲ ತಿಳಿದವಳು. ನಾನೇ ಅಂದೆ: "ಅಷ್ಟು ದೂರದಿಂದ ನಮ್ಮೂರು ನೋಡ್ಲಿಕ್ಕೆ ಬರೋರನ್ನ ಕೆಸರಿನ್ಯಾಗ ಇಳಸಬೇಕೇನವ್ವಾ? ಮಾನ ಹೋಗ್ತದ. ಬುಟ್ಟಿ ಸೋಮವಾರ ಹೆಂಗೂ ಬರ್ತದ, ಆವಾಗ ತಗದ್ರಾತು."

ಟೀಚರು ಹೇಳಿದ ಮೇಲೆ ಮುಗಿಯಿತು. ಪರಮೇಶ ಹನ್ನೊಂದು ಟ್ರಿಪ್ಪು ಮಣ್ಣು ಹೊಡೆದ. ಮೇಲೆ ಗರಸಿನ ಕಲ್ಲುಮಣ್ಣು ಹಾಕಿದರು, ನೀರು ಚಿಮುಕಿಸಿ ಬಡಿದು ದಮ್ಮಸು ಮಾಡಿದರು, ಹೆಣ್ಣುಮಕ್ಕಳು ಅಂಚಿಗೆ ಸುಣ್ಣ ಬಳಿದು ರಂಗೋಲಿ ಬಿಟ್ಟರು. ನಮ್ಮ ಜನಕ್ಕೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ, ಅದೇ ಮುಳುವಾಯಿತು. ನೀವು ಜೀಪಿನಿಂದ ಇಳಿದು, ಹಿಂದಿರುಗಿ ನೋಡಿ, "ದಾರಿ ಬಾಗಾನೇ ಉಂದಿ ಕದಮ್ಮಾ" ಎಂದು ತೆಲುಗಿನಲ್ಲಿ ದಾರಿಯನ್ನು ಮೆಚ್ಚಿದಿರಿ. ನಾನು ಕೈಮುಗಿದು ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. "ಸಾಹೇಬರೇ, ಇದು ನಿನ್ನೆ ಮೊನ್ನೆಯದು, ನಿಮಗಾಗಿ ಮಾಡಿದ್ದು" ಎಂದು ಒಂದು ಮಾತು ಹೇಳಬೇಕಿತ್ತು. ಮಾಡಿದ ಉಪಚಾರವನ್ನು ಆಡಿ ತೋರಿಸಬಾರದೆಂಬ ಸಂಕೋಚದಲ್ಲಿ ಸುಮ್ಮನಾದೆ.

ನನ್ನ ತಪ್ಪು ಒಪ್ಪಿಕೊಂಡೆ. ಇನ್ನು ನಿಮ್ಮದು. ನಮ್ಮಲ್ಲಿ ನೀವು ಇದ್ದದ್ದು ಒಂದೂಕಾಲು ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಊಟಕ್ಕೆ. ಊಟದ ಬಗ್ಗೆ ನನ್ನ ತಕರಾರಿಲ್ಲ, ಇನ್ನೆರಡು ರೊಟ್ಟಿ ಉಂಡಿದ್ದರೂ ಸಂತೋಷವೇ. ಆದರೆ ಉಳಿದ ಅರ್ಧ ಗಂಟೆಯಲ್ಲಿ ಕಂದಕವನ್ನು ಒಂದು ಸುತ್ತು ಹಾಕಬಹುದಿತ್ತು. ಹಾಕಿದ್ದರೆ ಹೊಸ ಮಣ್ಣಿನ ಎರಡೂ ಬದಿಗೆ ಹಳೆಯ ಕಲ್ಲುಕಟ್ಟಡದ ಅಂಚು ಕಾಣುತ್ತಿತ್ತು. ಗುಡಿಯ ಗೂಡಿನಲ್ಲಿ ಹೂಳಿನಿಂದ ಸಿಕ್ಕ ಕಲ್ಲಿನ ಗುಂಡುಗಳು, ಒಡೆದ ಗಾಜಿನ ಬಳೆ, ಕಬ್ಬಿಣದ ಬಾಣದ ಮೊನೆ ಸಾಲಾಗಿವೆ. ಒಬ್ಬೊಬ್ಬರು ತಮ್ಮ ಬುಟ್ಟಿಯಲ್ಲಿ ಸಿಕ್ಕದ್ದನ್ನು ಬೀರಪ್ಪನ ಮುಂದೆ ತಂದಿಟ್ಟದ್ದು. ನಿಮ್ಮ ಜೊತೆ ಬಂದವರು ಅವನ್ನು "ಪೂಜೆಯ ಕಲ್ಲುಗಳು" ಎಂದು ಬರೆದುಕೊಂಡರು. ಮೂರನೇ ತರಗತಿಯ ಮಗು ಹೀಗೆ ಬರೆದರೆ ನಾನು ನಿಲ್ಲಿಸಿ ಕೇಳುತ್ತಿದ್ದೆ, ಮುಟ್ಟಿ ನೋಡಿದೆಯಾ ಎಂದು.

ಮಾಹಿತಿ ಹಕ್ಕಿನಲ್ಲಿ ನಿಮ್ಮ ವರದಿ ಕೈಗೆ ಬಂದಾಗ ಅದರ ಕೊನೆಯ ಸಾಲುಗಳನ್ನು ನಾನು ಮೂರು ಸಲ ಓದಿದೆ. ವಾಡೆಯ ಗೋಡೆ ಮತ್ತು ಬುರುಜು ಪಟ್ಟಿಗೆ ಸೇರುತ್ತವಂತೆ. ಸುತ್ತಲಿನ "ತಗ್ಗು ಪ್ರದೇಶ"ವನ್ನು ಸಮತಟ್ಟು ಮಾಡಿ, ಸ್ಮಾರಕ ನೋಡಲು ಬರುವವರ ವಾಹನ ನಿಲುಗಡೆಗೆ ಬಳಸಬಹುದಂತೆ. ಅಂದರೆ ಕಂದಕವಿರುವ ಮನೆಯನ್ನು ನೋಡಲು ದೂರದಿಂದ ಕಾರುಗಳು ಬರಬೇಕು, ಬಂದ ಕಾರುಗಳನ್ನು ನಿಲ್ಲಿಸಲು ಕಂದಕ ಮುಚ್ಚಬೇಕು. ಬಂದವರು ಕಾರಿನಿಂದ ಇಳಿದು ಕಾಲಡಿಗೆ ನೋಡಿಕೊಂಡು, ಆಹಾ, ಎಂಥ ಕಂದಕವಿತ್ತು ಇಲ್ಲಿ ಎಂದು ಫೋಟೋ ತೆಗೆಸಿಕೊಳ್ಳಬೇಕು. ಮಾನ್ಯರೇ, ಇದನ್ನು ನೀವು ಯೋಚಿಸಿ ಬರೆದಿರೋ, ಊಟದ ಮಂಪರಿನಲ್ಲಿ ಬರೆದಿರೋ?

ಇಷ್ಟಕ್ಕೇ ನಿಂತಿದ್ದರೂ ಬುಟ್ಟಿ ಸೋಮವಾರ ಎಲ್ಲ ಸರಿಯಾಗುತ್ತಿತ್ತು. ಆದರೆ ಶಿವರಾತ್ರಿಯ ಹೊತ್ತಿಗೆ ಬಂಡೆ ದಾರಿಯ ಬಳಿ ನೀಲಿ ಬೋರ್ಡು ಬಂತು: ವಾಡೆಯ ಆವರಣದಲ್ಲಿ ಯಾರೂ ಅಗೆಯಬಾರದು, ಅಗೆದರೆ ಶಿಕ್ಷೆ. ನಾನು ನಿಮ್ಮ ಕಚೇರಿಗೆ ಫೋನು ಮಾಡಿ ಕೇಳಿದೆ. ಕಂದಕ ಸ್ಮಾರಕದ ಭಾಗವಲ್ಲ, ಆದ್ದರಿಂದ ಮುಚ್ಚಬಹುದು ಅಂದರು. ಹಾಗಾದರೆ ನಮ್ಮ ಮಣ್ಣು ನಾವು ತೆಗೆದುಕೊಳ್ಳುತ್ತೇವೆ ಅಂದೆ. ಕಂದಕ ಸ್ಮಾರಕದ ಆವರಣದಲ್ಲಿದೆ, ಆದ್ದರಿಂದ ತೆಗೆಯುವಂತಿಲ್ಲ ಅಂದರು. ಎರಡೂ ಮಾತು ಒಬ್ಬರೇ ಹೇಳಿದರು, ಒಂದೇ ಉಸಿರಿನಲ್ಲಿ. ಎಷ್ಟೋ ನೂರು ವರ್ಷ ಅಗೆದದ್ದರಿಂದಲೇ ಉಳಿದ ಜಾಗವನ್ನು ಅಗೆಯದಂತೆ ಕಾಯುವುದು ಎಂಥ ಕಾವಲು ಎಂದು ನನಗೆ ಇಂದಿಗೂ ತಿಳಿದಿಲ್ಲ. ಹೊಲ ಉಳುವುದನ್ನು ನಿಲ್ಲಿಸಿ ಹೊಲ ಕಾಪಾಡಿದೆ ಅನ್ನುತ್ತಾರೆಯೇ ಯಾರಾದರೂ?

ಹೋದ ವರ್ಷದ ಬುಟ್ಟಿ ಸೋಮವಾರ ಊರೆಲ್ಲ ಬುಟ್ಟಿ ಹಿಡಿದು ನಿಂತಿತ್ತು. ಎದುರಿಗೆ ಒಬ್ಬ ಪೊಲೀಸು. ಅವನು ಗಟ್ಟು ಊರಿನ ಕಡೆಯ ಕುರುಬರವನೇ. ಬೂಟು ಬಿಚ್ಚಿ ಬೀರಪ್ಪನಿಗೆ ಕೈಮುಗಿದು, ಮತ್ತೆ ಬೂಟು ಹಾಕಿಕೊಂಡು ಬಂದು ನಮ್ಮನ್ನು ತಡೆದ. "ನನ್ನ ಕೈಯಾಗ ಏನೈತಿ ಯವ್ವಾ, ಮ್ಯಾಲಿನಿಂದ ಹುಕುಂ ಐತಿ," ಅಂದ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಹನುಮಮ್ಮ ಅರಿಶಿನ ಹಚ್ಚಿದ ಬುಟ್ಟಿಯನ್ನು ಬರಿದೇ ಒಳಗೆ ಒಯ್ದಳು. ಆಕೆಯ ನೆನಪಿನಲ್ಲಿ ಆ ಬುಟ್ಟಿ ಬರಿದಾಗಿ ಹೋದದ್ದು ಅದೇ ಮೊದಲು.

ಅಂದು ಸಂಜೆ ಗುಡಿಯ ಮುಂದೆ ಪಂಚಾಯಿತಿ ಕೂತಿತು. ಕಂದಕಕ್ಕೆ ಮಣ್ಣು ಹಾಕಿಸಿದವರು ಯಾರು? ನಾನು ಎದ್ದು ನಿಂತೆ. ನರಸಯ್ಯನ ಮೂರು ಮಕ್ಕಳಿಗೂ ಅಕ್ಷರ ಕಲಿಸಿದವಳು ನಾನು, ಅವನು ನನ್ನ ಮುಖ ನೋಡದೆ ಹೇಳಿದ, "ಅಕ್ಕೋರ, ನಿಮ್ಗ ನೂರಾ ಒಂದು ಬುಟ್ಟಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಬೀರಪ್ಪಗ ಎಲ್ಲಾರೂ ಒಂದ." ಬೇಸರವೇನು, ನ್ಯಾಯವಾಗಿಯೇ ಹಾಕಿದ್ದಾರೆ. ಅರವತ್ತೆಂಟರ ಈ ಮೊಣಕಾಲು ಕಟ್ಟಿಕೊಂಡು ದಿನಕ್ಕೆ ಹತ್ತರಂತೆ ಎತ್ತುತ್ತೇನೆ. ಆದರೆ ಎತ್ತಲು ನಿಮ್ಮ ಬೋರ್ಡು ಬಿಡುತ್ತಿಲ್ಲ. ಹಾಗಾಗಿ ಒಂದು ವರ್ಷದಿಂದ ನನ್ನ ಹಣೆಗೆ ಬೀರಪ್ಪನ ಭಂಡಾರವಿಲ್ಲ. ನಾವು ರಾಯರ ಒಕ್ಕಲು, ಭಂಡಾರ ಇಲ್ಲದಿದ್ದರೆ ನಿಮಗೇನು ಎಂದು ನಮ್ಮ ರಾಯಚೂರಿನ ನೆಂಟರು ಕೇಳುತ್ತಾರೆ. ನನ್ನ ಶಾಲೆಯ ಮಕ್ಕಳೆಲ್ಲ ಹಳದಿ ಹಣೆಯಲ್ಲಿ ನಿಂತಾಗ ನಾನೊಬ್ಬಳು ಬರಿಹಣೆಯಲ್ಲಿ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲ.

ಇದೆಲ್ಲ ಮಾನದ ಮಾತು, ಸಹಿಸಬಹುದು. ಸಹಿಸಲಾಗದ್ದು ಮಳೆಗಾಲದಲ್ಲಿ ಬಂತು. ಕಂದಕದ ನೀರು ಉತ್ತರದಿಂದ ಪಶ್ಚಿಮಕ್ಕೆ ಇಳಿಜಾರಿನಲ್ಲಿ ಸುತ್ತಿ ಬಂದು ನೈಋತ್ಯದ ತೂಬಿನಿಂದ ಹೊಲಗಳಿಗೆ ಹೋಗಬೇಕು. ನಿಮ್ಮ ಜೀಪಿನ ದಾರಿ ಅದಕ್ಕೆ ಅಡ್ಡ ಕಟ್ಟೆಯಾಯಿತು. ವಾಯವ್ಯದಲ್ಲಿ ನೀರು ನಲವತ್ತು ದಿನ ಗೋಡೆಯ ಬುಡಕ್ಕೆ ಹತ್ತಿ ನಿಂತಿತು. ದೀಪಾವಳಿಯ ಹೊತ್ತಿಗೆ ಗೋಡೆ ಬಾಯಿಬಿಟ್ಟಿತು. ಬಿರುಕಿನಲ್ಲಿ ನನ್ನ ಮುಂಗೈ ಪೂರ್ತಿ ಹೋಗುತ್ತದೆ. ನೀವು ಪಟ್ಟಿಗೆ ಸೇರಿಸಿದ್ದೇವೆ ಅನ್ನುತ್ತೀರಲ್ಲ, ಅದೇ ಗೋಡೆ. ಅದರ ಒಳಬದಿಗೇ ಹನುಮಮ್ಮ ಮಲಗುತ್ತಾಳೆ, ಪಕ್ಕದಲ್ಲಿ ಕುರಿಹಟ್ಟಿ. ಇನ್ನೊಂದು ಮಳೆಗಾಲ ಆ ಗೋಡೆ ತಾಳುವುದಿಲ್ಲವೆಂದು ಮಣ್ಣಿನ ಕೆಲಸ ಬಲ್ಲ ಎಲ್ಲರೂ ಹೇಳುತ್ತಿದ್ದಾರೆ.

ನಮ್ಮ ಮನೆಗೆ ಬಂದುಬಿಡು ಎಂದು ನಾನು ಕರೆದೆ. ಆಕೆ ಬಿರುಕಿಗೆ ಹಸಿಮಣ್ಣು ಮೆತ್ತುತ್ತಿದ್ದಳು, ತಿರುಗಲೂ ಇಲ್ಲ. "ನನ್ನ ಹೆರಿಗಿ ಕಂಡದ್ದು ಈ ಗ್ವಾಡಿ, ನನ್ನ ಗಂಡನ ಹೆಣ ಕಂಡದ್ದೂ ಈ ಗ್ವಾಡಿ. ಇದು ಬೀಳಾಕತ್ರ ನಾ ನಿಮ್ಮ ಕಟ್ಟಿ ಮ್ಯಾಲೆ ಕುಂತು ನೋಡ್ಲೇನ್ರಿ ಅಕ್ಕೋರ?" ಅಂದಳು. ನನ್ನನ್ನು ಒಂದು ಸಲವೂ ಬೈದಿಲ್ಲ. ನಾ ಆಗ ಹೇಳಿದ್ದೆ ಎಂದೂ ಅಂದಿಲ್ಲ. ಅಂದಿದ್ದರೆ ನನಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ನಿಮಗೆ ಮೂರು ಪತ್ರ ಬರೆದೆ, ನಾಲ್ಕು ಕೋನಗಳಿಂದ ಬಿರುಕಿನ ಫೋಟೋ ಕಳಿಸಿದೆ. "ಪರಿಶೀಲನೆಯಲ್ಲಿದೆ" ಎಂಬ ಒಂದು ಉತ್ತರ ಬಂತು. ಸಾಕ್ಷ್ಯವೇನಿದೆ ಎಂದು ನಿಮ್ಮ ಗುಮಾಸ್ತರು ಫೋನಿನಲ್ಲಿ ಕೇಳಿದರು. ಪರಮೇಶನೂ ಅವನ ಟ್ರ್ಯಾಕ್ಟರೂ ಇದ್ದಾರೆ, ರಂಗೋಲಿ ಬಿಟ್ಟ ಹೆಣ್ಣುಮಕ್ಕಳಿದ್ದಾರೆ, ಹಾಕಿಸಿದ ನಾನೇ ಬದುಕಿದ್ದೇನೆ. ಇನ್ನೂ ಬೇಕೆಂದರೆ ನನ್ನ ಅಪ್ಪನ ಗಂಟಿನಲ್ಲಿ ಬಟ್ಟೆಯ ಮೇಲೆ ಬರೆದ, ಊರಿನ ಎಲ್ಲೆ ತೋರಿಸುವ ಮೌಜೆ ನಕ್ಷೆ ಸಿಕ್ಕಿದೆ. ವಾಡೆಯ ಸುತ್ತ ಎಲ್ಲೂ ಕಡಿಯದ ನೀಲಿ ಉಂಗುರ, ನಾಲ್ಕೂ ದಿಕ್ಕಿಗೆ ಉರ್ದುವಿನಲ್ಲಿ "ಖಂದಕ್" ಎಂಬ ಬರಹ. ಪ್ರತಿ ಕಳಿಸುತ್ತೇನೆ, ಮೂಲ ಕೊಡುವುದಿಲ್ಲ. ನಿಮ್ಮ ಕೈಗೆ ಹೋದ ಮೇಲೆ ಆ ಉಂಗುರವೂ ಪಶ್ಚಿಮದಲ್ಲಿ ಮೊದಲಿನಿಂದಲೂ ಕಡಿದಿತ್ತು ಅಂದುಬಿಟ್ಟರೆ ನಾನೇನು ಮಾಡಲಿ?

ನಾನು ಬೇಡಿಕೊಳ್ಳುವ ಹಂತ ದಾಟಿದ್ದೇನೆ. ವರದಿಯಿಂದ ಆ ಸುಳ್ಳು ಸಾಲು ಹೊಡೆದುಹಾಕಿ. ಕಂದಕವನ್ನು ಸುತ್ತಲೂ ಅಳೆದು, ವಾಡೆಯ ಜೊತೆ ಪಟ್ಟಿಗೆ ಸೇರಿಸಿ. ವರ್ಷಕ್ಕೊಮ್ಮೆ ಊರು ಹೂಳೆತ್ತುವುದು ಅಪರಾಧವಲ್ಲ, ಅದೇ ಸಂರಕ್ಷಣೆ ಎಂದು ಆದೇಶದಲ್ಲಿ ಬರೆಯಿರಿ. ವಾಹನ ನಿಲುಗಡೆ ಬೇಕಿದ್ದರೆ ಊರ ಹೊರಗೆ ನನ್ನ ಎರಡು ಗುಂಟೆ ಬೀಳು ಇದೆ, ಬರೆದುಕೊಡುತ್ತೇನೆ. ಇದೆಲ್ಲ ಯುಗಾದಿಯ ಒಳಗೆ ಆಗಬೇಕು. ಆಗದಿದ್ದರೂ ಯುಗಾದಿ ಕಳೆದ ಸೋಮವಾರ ಹೊತ್ತು ಮೂಡುವಾಗ ಎರೆದೊಡ್ಡಿಯ ಎಲ್ಲ ಮನೆಯವರೂ ಕಂದಕಕ್ಕೆ ಇಳಿಯುತ್ತೇವೆ. ನಾವು ಹಾಕಿದ್ದನ್ನು ನಾವು ತೆಗೆಯುತ್ತೇವೆ, ಅದಕ್ಕಿಂತ ಒಂದು ಹಿಡಿ ಹೆಚ್ಚೂ ಇಲ್ಲ, ಒಂದು ಹಿಡಿ ಕಡಿಮೆಯೂ ಇಲ್ಲ. ಮೊದಲ ಗುದ್ದಲಿ ನನ್ನದು. ಕೇಸು ಹಾಕುವವರು ನನ್ನ ಹೆಸರನ್ನು ಮೊದಲು ಬರೆದುಕೊಳ್ಳಲಿ. ಬಾಲರಾಜ್ ವಕಾಲತ್ತು ಸಿದ್ಧ ಮಾಡಿಟ್ಟಿದ್ದಾನೆ.

ಕೊನೆಯದಾಗಿ ಒಂದು ವಿಷಯ. ಹೋದ ವಾರ ಗುಡಿಯ ಮುಂದೆ ನಿಮ್ಮ ತಪ್ಪೂ ವಿಚಾರಣೆಗೆ ಬಂತು. "ಪಾಪ, ಗೊತ್ತಿಲ್ದ ಬರದಾರ, ಐದು ಸಾಕು," ಅಂದಳು ಹನುಮಮ್ಮ. ಗೊತ್ತಿಲ್ಲದ್ದಕ್ಕೆ ಐದು ಸರಿ, ಗೊತ್ತಿಲ್ಲದೆಯೂ ಕೇಳದೆ ಬರೆದದ್ದಕ್ಕೆ ಇನ್ನು ಹದಿನಾರು ಹಾಕಿರೆಂದು ನಾನು ಪಟ್ಟು ಹಿಡಿದೆ. ಒಟ್ಟು ಇಪ್ಪತ್ತೊಂದಾಯಿತು. ತೊಗರಿ ಕಟ್ಟಿಗೆಯ ಹೊಸ ಬುಟ್ಟಿಯೊಂದನ್ನು ಹನುಮಮ್ಮನೇ ಹೆಣೆದು ಗುಡಿಯ ಗೂಟಕ್ಕೆ ತೂಗುಹಾಕಿದ್ದಾಳೆ. ಅದು ನಿಮ್ಮದು, ಬೇರೆ ಯಾರೂ ಮುಟ್ಟುವುದಿಲ್ಲ. ಬರುವಾಗ ಜೀಪನ್ನು ಊರ ಹೊರಗೆ ನಿಲ್ಲಿಸಿ, ಪೂರ್ವದ ದಾರಿಯಿಂದ ಬನ್ನಿ. ಬಂಡೆಗೆ ಪಾಚಿ ಹಿಡಿದಿದೆ, ಹೆದರಬೇಡಿ, ಹನುಮಮ್ಮ ಕೈ ಹಿಡಿದು ದಾಟಿಸುತ್ತಾಳೆ.

ಇಂತಿ,
ನೂರಾ ಒಂದು ಬುಟ್ಟಿ ಬಾಕಿ ಉಳಿಸಿಕೊಂಡು ಬರಿಹಣೆಯಲ್ಲಿ ಹೊರಗೆ ನಿಂತಿರುವ,
ರಾಧಾಬಾಯಿ
ನಿವೃತ್ತ ಶಿಕ್ಷಕಿ, ಎರೆದೊಡ್ಡಿ